ಹನ್ನೊಂದನೇ ತಪ್ಪು

ಮಂಗಳವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ: ಇನ್ನು ಈ ಜನ್ಮದಲ್ಲಿ ಮೌಸ್ ಮುಟ್ಟುವುದಿಲ್ಲ!

ಪ್ರತಿಜ್ಞೆಗೆ ಸಾಕ್ಷಿಯಾಗಿ ಇದ್ದವಳು ನನ್ನ ಹೆಂಡತಿ ಒಬ್ಬಳೇ. ಬಾಗಿಲಲ್ಲಿ ನಿಂತು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಳ್ಳುತ್ತ, “ಮೌಸ್ ಏನು ಮಾಡ್ತು ನಿಮಗೆ?” ಎಂದು ಕೇಳಿದಳು.

“ನಿಧಾನ ಮಾಡ್ತು. ಒಂದೊಂದು ಸ್ವರಾನೂ ಹಿಡಿಯೋದು, ಎಳೆಯೋದು, ಬಿಡೋದು. ಮತ್ತೆ ಹಿಡಿಯೋದು, ಎಳೆಯೋದು, ಬಿಡೋದು. ಇದು ಕಲಾವಿದ ಮಾಡೋ ಕೆಲಸವಾ?”

“ಹಾಗೆ ಮಾಡಿದ್ರೆ ಎಷ್ಟು ಹೊತ್ತಾಗುತ್ತೆ?”

“ಒಂದು ಗಂಟೆ ಆಗಬಹುದು.”

“ಮತ್ತೆ ಮಾಡಿ ಮುಗಿಸಿಬಿಡಿ.”

ನೋಡಿ, ದೂರದೃಷ್ಟಿ ಇರುವವರಿಗೂ ಇಲ್ಲದವರಿಗೂ ಇರುವ ವ್ಯತ್ಯಾಸವೇ ಇದು. ಅವಳಿಗೆ ಕಂಡದ್ದು ಒಂದು ಗಂಟೆ. ನನಗೆ ಕಂಡದ್ದು ಇನ್ನು ಮೂವತ್ತು ವರ್ಷ ನಾನು ಮೌಸಿನ ಹಿಂದೆ ಅಲೆಯಲಿರುವ ಸಾವಿರಾರು ಗಂಟೆಗಳು. ಅವನ್ನೆಲ್ಲ ಒಂದೇ ಏಟಿಗೆ ಉಳಿಸಿಬಿಡುವ ಮಹಾಯೋಜನೆ ನನ್ನ ತಲೆಯಲ್ಲಿ ಅದಾಗಲೇ ಸಿದ್ಧವಾಗಿತ್ತು.

ನನ್ನ ಕಸುಬು ಸಂಗೀತ ಸಂಯೋಜನೆ. ನನ್ನ ಸಂಗೀತವನ್ನು ನೀವು ಕೇಳಿಯೇ ಇರುತ್ತೀರಿ. ಯಾವುದೋ ಕಚೇರಿಗೆ ಫೋನ್ ಮಾಡುತ್ತೀರಿ, “ದಯವಿಟ್ಟು ಕಾಯಿರಿ” ಎನ್ನುತ್ತಾರೆ, ಆಮೇಲೆ ಇಪ್ಪತ್ತು ನಿಮಿಷ ಕಿವಿಯಲ್ಲಿ ಟಿಂಟಿಣಿ ಎನ್ನುತ್ತಿರುತ್ತದಲ್ಲ, ಅದು ನಾನು. ದಿನಕ್ಕೆ ಲಕ್ಷಾಂತರ ಜನ ನನ್ನ ಕೃತಿಗಳನ್ನು ಹಲ್ಲು ಕಚ್ಚಿಕೊಂಡು ಆಲಿಸುತ್ತಾರೆ. ನಡುವೆ ಯಾರೂ ಎದ್ದು ಹೋಗುವಂತಿಲ್ಲ ಎನ್ನುವುದು ನನ್ನ ಕಛೇರಿಗಳ ವಿಶೇಷ.

ಹೆಂಡತಿಯದು ಕೈಪಿಡಿ ಬರೆಯುವ ಕೆಲಸ. ವಾಷಿಂಗ್ ಮೆಷಿನ್, ಫ್ಯಾನು, ಇಸ್ತ್ರಿಪೆಟ್ಟಿಗೆ ಕೊಂಡಾಗ ಡಬ್ಬಿಯೊಳಗೆ ಸಿಕ್ಕುವ ಆ ಪುಸ್ತಕವನ್ನು ನಮ್ಮಂಥವರು ಎಲ್ಲಿಡುತ್ತೇವೆಂದು ಗೊತ್ತಿದ್ದೂ ಅವಳು ಶ್ರದ್ಧೆಯಿಂದ ಬರೆಯುತ್ತಾಳೆ. ಆ ವಾರ ಅವಳ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿತ್ತು. ಹಾಗಾಗಿ ಬೆಳಗಿನ ಎರಡು ಗಂಟೆ ನನ್ನ ಕಂಪ್ಯೂಟರ್ ಅವಳದು, ಉಳಿದ ಹೊತ್ತು ನನ್ನದು ಎಂದು ಒಪ್ಪಂದವಾಗಿತ್ತು.

ಇನ್ನು ನಾನು ಮಾಡಬೇಕಾಗಿದ್ದ ಆ ಒಂದು ಗಂಟೆಯ ಕೆಲಸ. ಅದು ನನ್ನ ಅತ್ತೆಯ ರಾಗ.

ಹೆಂಡತಿಯ ತಾಯಿ ಒಂದು ಶಾಲೆಯಲ್ಲಿ ಮೂವತ್ತೆರಡು ವರ್ಷ ಸಂಗೀತದ ಮೇಷ್ಟ್ರು. ಬೆಳಗಿನ ಗಂಟೆ ಹೊಡೆಯುವ ಬದಲು ಆ ಶಾಲೆಯಲ್ಲಿ ಅತ್ತೆ ಪಿಯಾನೊ ನುಡಿಸುತ್ತಾರೆ. ಅವರೇ ಕಟ್ಟಿದ ನಾಲ್ಕು ಸಾಲಿನ ಒಂದು ರಾಗ. ಅದು ಶುರುವಾದರೆ ಮಕ್ಕಳು ಅಂಗಳದಲ್ಲಿ ಸಾಲು ನಿಲ್ಲಬೇಕು, ರಾಗದ ಕೊನೆಯ ಸಾಲು ಶುರುವಾದರೆ ಗೇಟು ಮುಚ್ಚುತ್ತದೆ. ಈಗ ಅತ್ತೆಗೆ ನಿವೃತ್ತಿ. ಬಲಗೈ ಮಣಿಕಟ್ಟಿನ ನರ ಹಿಡಿದುಕೊಂಡು ಸೋಮವಾರ ಶಸ್ತ್ರಚಿಕಿತ್ಸೆಯೂ ಆಯಿತು. ಆರು ತಿಂಗಳು ನುಡಿಸುವಂತಿಲ್ಲ, ಆಮೇಲೂ ಮೊದಲಿನ ಹಾಗೆ ಬೆರಳು ಓಡುತ್ತದೆಂದು ಹೇಳಲಾರೆ ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು. ಅದಕ್ಕೇ ಚಿಕಿತ್ಸೆಯ ಹಿಂದಿನ ದಿನ, ಭಾನುವಾರ ಸಂಜೆ, ಅತ್ತೆ ನಮ್ಮ ಮನೆಗೇ ತಂದಿಟ್ಟುಕೊಂಡಿದ್ದ ತಮ್ಮ ಡಿಜಿಟಲ್ ಪಿಯಾನೊದಲ್ಲಿ ಆ ರಾಗವನ್ನು ಒಂದೇ ಒಂದು ಸಲ ನುಡಿಸಿದರು. ನಾನು ವೈರು ಸಿಕ್ಕಿಸಿ ಅದನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಂಡೆ. ಶನಿವಾರ ಬೆಳಿಗ್ಗೆ ಅವರ ಬೀಳ್ಕೊಡುಗೆ. ಅವತ್ತಿನಿಂದ ಶಾಲೆಯ ಧ್ವನಿವರ್ಧಕದಲ್ಲಿ ದಿನವೂ ಅದೇ ಮೊಳಗಬೇಕು.

ನಾನು ಇಳಿಸಿಕೊಂಡದ್ದು ಧ್ವನಿಮುದ್ರಣವಲ್ಲ, ಮಿಡಿ. ಅಂದರೆ ಯಾವ ಕೀಯನ್ನು, ಯಾವ ಕ್ಷಣದಲ್ಲಿ, ಎಷ್ಟು ಜೋರಾಗಿ, ಎಷ್ಟು ಹೊತ್ತು ಒತ್ತಿದರು ಎಂಬ ಮಾಹಿತಿ ಮಾತ್ರ. ಪರದೆಯ ಮೇಲೆ ಅದು, ಜೋರಿಗೆ ತಕ್ಕಂತೆ, ಬಣ್ಣಬಣ್ಣದ ಪುಟ್ಟ ಕಡ್ಡಿಗಳಾಗಿ ಕಾಣುತ್ತದೆ. ತಪ್ಪಿದ ಸ್ವರದ ಕಡ್ಡಿಯನ್ನು ಎಳೆದು ಸರಿಯಾದ ಜಾಗದಲ್ಲಿ ಕೂರಿಸಿದರೆ ನುಡಿಸಾಣಿಕೆಯೇ ಸರಿಹೋದಂತೆ. ಎಂಥ ಸೊಗಸು! ನಾನು ಕೇಳಿ ಕೇಳಿ, ಕಾಗದದ ಮೇಲೆ ಅತ್ತೆಯ ತಪ್ಪುಗಳ ಪಟ್ಟಿ ಮಾಡಿದೆ. ಒಟ್ಟು ಹದಿನೇಳು. ಅಳಿಯನಾದವನಿಗೆ ಇಂಥ ಅವಕಾಶ ಎಷ್ಟು ಸಲ ಸಿಕ್ಕೀತು ಹೇಳಿ.

ಹದಿನೇಳರಲ್ಲಿ ಹನ್ನೊಂದನೆಯದು ಎಲ್ಲಕ್ಕಿಂತ ದೊಡ್ಡದು. ಮೂರನೇ ಸಾಲು ಮುಗಿದು ಕೊನೆಯ ಸಾಲು ಶುರುವಾಗುವ ಮೊದಲು ಅತ್ತೆ ಪೂರಾ ನಾಲ್ಕು ಸೆಕೆಂಡು ಸುಮ್ಮನೆ ಕುಳಿತುಬಿಟ್ಟಿದ್ದರು. ಸಂಗೀತದಲ್ಲಿ ನಾಲ್ಕು ಸೆಕೆಂಡು ಎಂದರೆ ಒಬ್ಬರು ಎದ್ದು ಹೋಗಿ ನೀರು ಕುಡಿದು ಬರಬಹುದು. ಆಗ ಅವರು ಮುಖ ತಿರುಗಿಸಿ ಬಾಗಿಲ ಕಡೆ ನೋಡಿದ್ದು ನನಗೆ ನೆನಪಿತ್ತು. ನೋವು ನನಗೆ ಕಾಣದಿರಲಿ ಎಂದು ಹಾಗೆ ಮಾಡಿದರು ಎಂದುಕೊಂಡಿದ್ದೆ. ಪಟ್ಟಿಯಲ್ಲಿ ಹನ್ನೊಂದರ ಸುತ್ತ ಕೆಂಪು ಪೆನ್ನಿನಿಂದ ಎರಡು ಸುತ್ತು ಹಾಕಿದೆ.

ಆಮೇಲೆ ನಾನು ಆ ತಪ್ಪುಗಳನ್ನು ತಿದ್ದಿದೆನೆ? ಇಲ್ಲ. ತಿದ್ದುವ ಸಾಫ್ಟ್‌ವೇರನ್ನು ತಿದ್ದಲು ಕುಳಿತೆ.

ನನ್ನ ಯೋಜನೆ ಸರಳವಾಗಿತ್ತು. ಮೌಸಿನಲ್ಲಿ ಮಾಡುವ ಪ್ರತಿಯೊಂದು ಕೆಲಸಕ್ಕೂ ಕೀಬೋರ್ಡಿನ ಒಂದೊಂದು ಗುಂಡಿಯನ್ನು ನೇಮಿಸುವುದು. ಒಂದು ಗುಂಡಿ ಒತ್ತಿದರೆ ಮುಂದಿನ ಸ್ವರ, ಇನ್ನೊಂದಕ್ಕೆ ಸ್ವರ ಮೇಲೆ, ಮತ್ತೊಂದಕ್ಕೆ ಕೆಳಗೆ, ಕತ್ತರಿಸಲು ಒಂದು, ಅಂಟಿಸಲು ಒಂದು. ಮಂಗಳವಾರ ಸಂಜೆಗೆ ಇಪ್ಪತ್ತಮೂರು ಗುಂಡಿಗಳು ಕರ್ತವ್ಯಕ್ಕೆ ಹಾಜರಾಗಿದ್ದವು. ಯಾವ ಗುಂಡಿಗೆ ಯಾವ ಕೆಲಸ ಎಂಬುದು ಮಾತ್ರ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಅದಕ್ಕೂ ಉಪಾಯ ಹುಡುಕಿದೆ. ಬಣ್ಣದ ಸ್ಟಿಕ್ಕರ್ ತಂದು, ಮೇಲೆ ಸಣ್ಣಕ್ಷರದಲ್ಲಿ ಬರೆದು, ಗುಂಡಿಗಳಿಗೆಲ್ಲ ಅಂಟಿಸಿದೆ. ಕೇಳಿಸುವ, ನಿಲ್ಲಿಸುವ ಗುಂಡಿಗಳಿಗೆ ಹಸಿರು. ಸರಿಸುವುದಕ್ಕೆ ನೀಲಿ. ಅಳಿಸುವುದಕ್ಕೆ ಕೆಂಪು.

ಕೆಂಪಿನಲ್ಲಿ ಒಂದನ್ನು ನಾನು ವಿಶೇಷ ಪ್ರೀತಿಯಿಂದ ಮಾಡಿದ್ದೆ. ಅದರ ಹೆಸರು ಬ್ರಹ್ಮಾಸ್ತ್ರ. ನನ್ನ ಟೆಲಿಫೋನ್ ಸಂಗೀತಕ್ಕೆಂದೇ ಹುಟ್ಟಿದ್ದು. ಅದನ್ನು ಒತ್ತಿದರೆ ಸಾಕು, ಎಲ್ಲ ಸ್ವರಗಳೂ ತಾಳಕ್ಕೆ ಸರಿಯಾಗಿ ಸಾಲು ನಿಲ್ಲುತ್ತವೆ, ಎಲ್ಲದರ ಜೋರೂ ಒಂದೇ ಸಮ ಆಗುತ್ತದೆ, ನಡುವಿನ ಖಾಲಿ ಜಾಗ ಮುಚ್ಚಿಹೋಗುತ್ತದೆ, ಕಡತ ಉಳಿದುಕೊಳ್ಳುತ್ತದೆ, ತಾನೇ ಮುಚ್ಚಿಕೊಳ್ಳುತ್ತದೆ. ಕೊನೆಗೆ ನಾನೇ ಬರೆದಿಟ್ಟ ಒಂದು ಸಂದೇಶ ಬರುತ್ತದೆ: “ಅಭಿನಂದನೆಗಳು! ಕೆಲಸ ಮುಗಿಯಿತು.”

ಬುಧವಾರ ಇನ್ನಷ್ಟು ನಯಗೊಳಿಸಿದೆ. ಸಾಫ್ಟ್‌ವೇರಿಗೆ ಮಾತುಮಾತಿಗೂ “ಖಂಡಿತವಾ? ಉಳಿಸಲೇ? ಅಳಿಸಲೇ?” ಎಂದು ಕೇಳುವ ಚಟವಿತ್ತು. ಯಜಮಾನ ನಾನೋ ಅದೋ? ಎಲ್ಲ ಪ್ರಶ್ನೆಗಳನ್ನೂ ಬಂದ್ ಮಾಡಿದೆ. ಐದು ನಿಮಿಷಕ್ಕೊಮ್ಮೆ ಅದು ಅರೆಕ್ಷಣ ತಡವರಿಸುತ್ತಿತ್ತು. ಏನೆಂದು ನೋಡಿದರೆ ತನ್ನಷ್ಟಕ್ಕೇ ಒಂದು ಹೆಚ್ಚುವರಿ ಪ್ರತಿ ತೆಗೆದಿಡುತ್ತಿತ್ತು. ಅದನ್ನೂ ಬಂದ್ ಮಾಡಿದೆ. “ಹಳೆಯ ಪ್ರತಿಗಳನ್ನು ತೆಗೆದುಹಾಕಲೇ?” ಎಂದು ಅದು ಕೇಳಿತು. ಬಾಯಿ ಮುಚ್ಚುವ ಮೊದಲು ಅದು ಕೇಳಿದ ಕೊನೆಯ ಪ್ರಶ್ನೆ ಅದೇ. ಹೂಂ ಎಂದೆ.

“ಅಮ್ಮನ ಹಾಡು ಎಲ್ಲಿಗೆ ಬಂತು?” ಎಂದು ಹೆಂಡತಿ ಊಟಕ್ಕೆ ಕುಳಿತಾಗ ಕೇಳಿದಳು.

“ಹಾಡು ಎಲ್ಲೂ ಹೋಗಲ್ಲ. ದಾರಿ ರೆಡಿ ಮಾಡ್ತಿದ್ದೀನಿ.”

“ಎರಡು ದಿನದಿಂದ ದಾರೀನೇ?”

“ಹೆದ್ದಾರಿ,” ಎಂದೆ.

ಎದುರಿಗೆ ಕುಳಿತು ಎಡಗೈಯಲ್ಲಿ ಚಮಚ ಹಿಡಿದು ಪರದಾಡುತ್ತಿದ್ದ ಅತ್ತೆ ಅದನ್ನು ಕೆಳಗಿಟ್ಟರು. ಅವರು ಮೂವತ್ತೆರಡು ವರ್ಷ ಮಕ್ಕಳ ನೆಪಗಳನ್ನು ಕೇಳಿದವರು. ನನ್ನನ್ನು ನೋಡಿ ಒಂದು ಸಲ ತಲೆ ಆಡಿಸಿದರು.

ಗುರುವಾರ ಮಧ್ಯಾಹ್ನ ಎರಡಕ್ಕೆ ಶಾಲೆಯ ಮುಖ್ಯೋಪಾಧ್ಯಾಯಿನಿಯ ಫೋನು. “ನಾಳೆ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬರ್ತಾರೆ. ಅಷ್ಟರೊಳಗೆ ಹಾಡು ಕಳಿಸ್ತೀರಲ್ಲ?”

“ಮುಗಿದ ಹಾಗೇನೇ ಮೇಡಂ. ಅರ್ಧ ಗಂಟೆ ಕೆಲಸ ಅಷ್ಟೇ.”

ಸುಳ್ಳಲ್ಲ. ಹೆದ್ದಾರಿ ಸಿದ್ಧವಿತ್ತು, ಗಾಡಿ ಹತ್ತುವುದಷ್ಟೇ ಬಾಕಿ. ನಾನು ಕೈ ತೊಳೆದು, ಕನ್ನಡಕ ಒರೆಸಿ, ಕುರ್ಚಿಯ ಎತ್ತರ ಸರಿಮಾಡಿಕೊಂಡು ಕುಳಿತೆ. ಮೌಸನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ. ಅತ್ತೆಯ ಕಡತವನ್ನು ತೆರೆದೆ. ಮೊದಲಿಗೆ ಒಂದು ಸಲ ಪೂರ್ತಿ ಕೇಳೋಣವೆಂದು “ಕೇಳಿಸು” ಎಂದು ಬರೆದಿದ್ದ ಹಸಿರು ಸ್ಟಿಕ್ಕರನ್ನು ಹುಡುಕಿ, ತೋರುಬೆರಳಿನಿಂದ ಠೀವಿಯಿಂದ ಒತ್ತಿದೆ.

ಏನೂ ಕೇಳಿಸಲಿಲ್ಲ. ಪರದೆಯ ಮೇಲಿದ್ದ ಕಡ್ಡಿಗಳೆಲ್ಲ ಒಮ್ಮೆ ಮೈಕೊಡವಿಕೊಂಡವು. ಬೇರೆ ಬೇರೆ ಬಣ್ಣದಲ್ಲಿದ್ದವೆಲ್ಲ ಒಂದೇ ಬಣ್ಣಕ್ಕೆ ತಿರುಗಿದವು. ಹಿಂದೆ ಮುಂದೆ ಇದ್ದವೆಲ್ಲ ದಡದಡ ಓಡಿಬಂದು ಗೆರೆಗೆ ನಿಂತವು. ಕಿಟಕಿ ಮುಚ್ಚಿಕೊಂಡಿತು. ಖಾಲಿ ಪರದೆಯ ನಟ್ಟನಡುವೆ ದಪ್ಪಕ್ಷರದಲ್ಲಿ ಮೂಡಿತು: “ಅಭಿನಂದನೆಗಳು! ಕೆಲಸ ಮುಗಿಯಿತು.”

ಡ್ರಾಯರಿನಿಂದ ಮೌಸ್ ತೆಗೆದೆ. ಪ್ರತಿಜ್ಞೆ ಗಿತಿಜ್ಞೆ ಎಲ್ಲ ಗಾಳಿಗೆ ಹೋಯಿತು. ಕಡತವನ್ನು ಮತ್ತೆ ತೆರೆದೆ. ಹಿಂದಿನ ಸ್ಥಿತಿಗೆ ತರೋಣವೆಂದರೆ ಮುಚ್ಚಿ ತೆರೆದ ಕಡತಕ್ಕೆ ಹಿಂದಿನದು ಯಾವುದೂ ನೆನಪಿರಲಿಲ್ಲ. ಹೆಚ್ಚುವರಿ ಪ್ರತಿ ಇರಬೇಕಿದ್ದ ಜಾಗ ಬುಧವಾರದಿಂದ ಬೋಳು ಬೋಳು. ಇದ್ದದ್ದನ್ನೇ ಕೇಳಿಸಿದೆ.

ಟಿಂಟಿಣಿ, ಟಿಂಟಿಣಿ, ಟಿಂಟಿಣಿ. ಒಂದು ಸ್ವರ ಇನ್ನೊಂದಕ್ಕಿಂತ ಜೋರಿಲ್ಲ, ಮೆಲುವಿಲ್ಲ. ಉಸಿರು ತೆಗೆದುಕೊಳ್ಳಲು ಎಲ್ಲೂ ಜಾಗವಿಲ್ಲ.

ಪಕ್ಕದ ಕೋಣೆಯಿಂದ ಹೆಂಡತಿ ಕೂಗಿ ಕೇಳಿದಳು. “ಯಾರಿಗೆ ಫೋನ್ ಮಾಡ್ತಿದ್ದೀರಿ? ಲೈನ್ ಸಿಗ್ತಿಲ್ವಾ?”

ನನ್ನ ವೃತ್ತಿಜೀವನಕ್ಕೆ ಇದಕ್ಕಿಂತ ಕಠೋರವಾದ ವಿಮರ್ಶೆ ಇದುವರೆಗೆ ಬಂದಿಲ್ಲ.

ಆ ಕ್ಷಣದಲ್ಲಿ ಸತ್ಯ ಹೇಳುವ ಧೈರ್ಯ ನನಗೆ ಇರಲಿಲ್ಲ. ಅದರ ಬದಲು ಇನ್ನೊಂದು ಮಹಾಯೋಜನೆ ಹೊಳೆಯಿತು. ರಾಗ ನನಗೆ ಬಾಯಿಪಾಠವಾಗಿದೆ, ಪಿಯಾನೊ ಪಕ್ಕದಲ್ಲೇ ಇದೆ. ಅತ್ತೆಯ ಹಾಗೇ ನಾನು ನುಡಿಸಿಬಿಟ್ಟರೆ? ತಪ್ಪುಗಳ ಪಟ್ಟಿಯೂ ಕೈಯಲ್ಲಿದೆ, ಬೇಕಾದರೆ ಹದಿನೇಳನ್ನೂ ಆಯಾ ಜಾಗದಲ್ಲಿ ಸೇರಿಸಬಹುದು! ಪಿಯಾನೊ ಆನ್ ಮಾಡಿ, ಬೆನ್ನು ನೆಟ್ಟಗೆ ಮಾಡಿ, ಅತ್ತೆಯ ಗತ್ತಿನಲ್ಲೇ ಶುರುಮಾಡಿದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಯಾಕೆ ನೀವು ನುಡಿಸ್ತಿದ್ದೀರಿ?”

“ನಾನು ಅಂತ ಹೇಗೆ ಗೊತ್ತಾಯ್ತು? ಅತ್ತೆ ನುಡಿಸಿದ್ದೇ ಹಾಕಿದೆ ಅಂದ್ಕೊಳ್ಳಬಹುದಿತ್ತಲ್ಲ.”

“ಅಮ್ಮ ನುಡಿಸಿದ್ರೆ ನಾನು ಕೂತಲ್ಲೇ ಬೂಟು ಹುಡುಕ್ತೀನಿ. ಈಗ್ಲೂ. ಭಾನುವಾರ ಕೂಡ ಕಾಲು ತಡಕಾಡ್ತು. ನೀವು ನುಡಿಸಿದಾಗ ಕಾಲು ಸುಮ್ನೆ ಇತ್ತು.” ಅವಳು ನನ್ನ ಮುಖವನ್ನು ದಿಟ್ಟಿಸಿದಳು. “ಏನಾಯ್ತು ಹೇಳಿ.”

ಹೇಳಿದೆ. ಅವಳು ಕಂಪ್ಯೂಟರಿನ ಮುಂದೆ ಕುಳಿತಳು, ನಾನು ಹಿಂದೆ ನಿಂತೆ. ಆಗ ಮೊದಲ ಬಾರಿಗೆ ಇಬ್ಬರೂ ಕೀಬೋರ್ಡನ್ನು ಸರಿಯಾಗಿ ನೋಡಿದೆವು. ಕೆಂಪು ಸ್ಟಿಕ್ಕರ್‌ಗಳೆಲ್ಲ ಒಂದು ಕಡೆ, ನೀಲಿಯೆಲ್ಲ ಒಂದು ಕಡೆ, ಹಸಿರೆಲ್ಲ ಒಂದು ಕಡೆ ಅಂದವಾಗಿ ಕುಳಿತಿದ್ದವು. ನಾನು ಅಂಟಿಸಿದ ಕ್ರಮ ಅದಲ್ಲವೇ ಅಲ್ಲ. ಬ್ರಹ್ಮಾಸ್ತ್ರದ ಗುಂಡಿಯ ಮೇಲೆ “ಕೇಳಿಸು” ಕುಳಿತಿತ್ತು. ಮೂರು ದಿನ ನಾನು ನೋಡಿದ್ದು ಬರೀ ಸ್ಟಿಕ್ಕರ್ ಆದ್ದರಿಂದ ಕೆಳಗಿರುವ ಗುಂಡಿ ಯಾವುದೆಂದು ನನಗೆ ತಿಳಿದೇ ಇರಲಿಲ್ಲ.

“ಇದನ್ನ ಯಾರು ಮುಟ್ಟಿದ್ದು?”

ಹೆಂಡತಿ ತುಟಿ ಕಚ್ಚಿಕೊಂಡಳು. “ಕಿತ್ತಿದ್ದು ನಾನೇ, ಇವತ್ತು ಬೆಳಿಗ್ಗೆ. ಅಕ್ಷರಾನೇ ಕಾಣ್ತಿರ್ಲಿಲ್ಲ. ಮೆಷಿನ್ನಿಗೆ ಬಟ್ಟೆ ಹಾಕಿ ಅಂತ ಬರೆಯೋಕೆ ಹೋಗಿ ಬೆಟ್ಟ ಹಾಕಿ ಅಂತ ಬರೆದಿದ್ದೆ. ಟೇಬಲ್ ಅಂಚಿಗೆ ಸಾಲಾಗಿ ಅಂಟಿಸಿಟ್ಟು, ಆಮೇಲೆ ವಾಪಸ್ ಹಾಕೋಣ ಅಂತ ಸ್ನಾನಕ್ಕೆ ಹೋದೆ. ಬರೋ ಹೊತ್ತಿಗೆ ಅಮ್ಮ ಹಾಕಿಬಿಟ್ಟಿದ್ಳು.”

ಅತ್ತೆ! ಹೊಸದಾಗಿ ಕಲಿಯುವ ಪುಟ್ಟ ಮಕ್ಕಳಿಗೆ ಅವರು ಪಿಯಾನೊದ ಕೀಗಳ ಮೇಲೆ ಬಣ್ಣದ ಚೀಟಿ ಅಂಟಿಸುತ್ತಾರೆ. ಕೈ ಕಟ್ಟಿಹಾಕಿದಂತೆ ಕುಳಿತವರಿಗೆ ಟೇಬಲ್ ಅಂಚಿನಲ್ಲಿ ಬಣ್ಣದ ಚೀಟಿಗಳು ಕಂಡಿವೆ. ಅಳಿಯನಿಗೊಂದು ಸಹಾಯವಾಗಲಿ ಎಂದು, ಕನ್ನಡಕವೂ ಇಲ್ಲದೆ, ಎಡಗೈಯಲ್ಲಿ, ಬಣ್ಣ ನೋಡಿ ನೋಡಿ ಅಂಟಿಸಿದ್ದಾರೆ. ತಮ್ಮ ರಾಗಕ್ಕೆ ತಾವೇ ಬತ್ತಿ ಇಟ್ಟಂತಾಗಿದೆ ಎಂದು ಅವರಿಗೆ ಗೊತ್ತೂ ಇಲ್ಲ.

“ಅಮ್ಮನಿಗೆ ಸ್ಟಿಕ್ಕರ್ ವಿಷಯ ಹೇಳಬೇಡಿ,” ಎಂದಳು ಹೆಂಡತಿ ಮೆಲ್ಲಗೆ.

“ಹೇಳಲ್ಲ. ತಪ್ಪು ನಂದೇ. ಸುಮ್ನೆ ಕೇಳ್ತಿದ್ದ ಸಾಫ್ಟ್‌ವೇರಿನ ಬಾಯಿ ಮುಚ್ಚಿಸಿದೋನು ನಾನು.”

ಇದನ್ನು ನಾನು ದೊಡ್ಡತನಕ್ಕೆ ಹೇಳಲಿಲ್ಲ. ನಿಜವಾಗಿಯೂ ನನಗೆ ಅಳು ಬರುವಂತಾಗಿತ್ತು. ಮುಗಿದುಹೋದದ್ದು ನನ್ನ ಟಿಂಟಿಣಿಯಾಗಿದ್ದರೆ ಸಂಜೆಯೊಳಗೆ ಇನ್ನೊಂದು ಮಾಡುತ್ತಿದ್ದೆ. ಇದು ಒಬ್ಬ ಹೆಂಗಸು ಮೂವತ್ತೆರಡು ವರ್ಷ ನುಡಿಸಿದ ರಾಗ, ಕೊನೆಯ ಸಲ, ನೋಯುವ ಕೈಯಲ್ಲಿ. ಅದನ್ನು ಒಂದು ಗಂಟೆ ಕೂತು ಮೌಸಿನಲ್ಲಿ ತಿದ್ದಲು ನನಗೆ ಬೇಜಾರಾಗಿತ್ತು.

ಅತ್ತೆ ಕಿಟಕಿಯ ಬಳಿ ಆರಾಮಕುರ್ಚಿಯಲ್ಲಿ ಕುಳಿತು ಎಡಗೈಯಲ್ಲಿ ಪದಬಂಧ ತುಂಬುತ್ತಿದ್ದರು. ಅಕ್ಷರಗಳು ಚೌಕದಿಂದ ಹೊರಗೆ ಇಣುಕುತ್ತಿದ್ದವು. ನಾನು ಎದುರಿಗೆ ನಿಂತೆ, ಹೆಂಡತಿ ನನ್ನ ಹಿಂದೆ. ನಲವತ್ತೆರಡರ ವಯಸ್ಸಿನಲ್ಲಿ ಮೇಷ್ಟ್ರ ಮುಂದೆ ಕೈಕಟ್ಟಿ ನಿಲ್ಲುವ ಯೋಗ ಬಂದಿತ್ತು.

“ಅತ್ತೆ, ನಿಮ್ಮ ಹಾಡು ಹೋಯ್ತು.”

“ಶಾಲೆಗಾ? ಒಳ್ಳೇದಾಯ್ತು.”

“ಶಾಲೆಗಲ್ಲ. ಹೋಗೇಬಿಡ್ತು. ನಾನು ಅಳಿಸಿಬಿಟ್ಟೆ.”

ಅತ್ತೆ ಪೆನ್ಸಿಲ್ ಕೆಳಗಿಟ್ಟರು. ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಬಯ್ಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

“ಆಗಿನಿಂದ ಪಿಯಾನೊ ಕುಟ್ಟುತ್ತಾ ಇದ್ರಲ್ಲ, ಅದು ಯಾಕೆ?”

“ನಿಮ್ಮ ಹಾಗೆ ನುಡಿಸಿ ಇಟ್ಟುಬಿಡೋಣ ಅಂತ.”

“ಹಾಗೆ ನುಡಿಸುವಾಗ ಅದರ ಎಡಗಡೆ ಮೂಲೇಲಿರೋ ಕೆಂಪು ಗುಂಡಿ ಒತ್ತಿದ್ರಾ?”

“ಇಲ್ಲ ಅತ್ತೆ. ಅಷ್ಟೊತ್ತಿಗೆ ನನಗೆ ಯಾವ ಗುಂಡಿ ಮೇಲೂ ನಂಬಿಕೆ ಉಳಿದಿರ್ಲಿಲ್ಲ.”

“ಪುಣ್ಯ,” ಎಂದರು ಅತ್ತೆ. “ಒತ್ತಿದ್ರೆ ನನ್ನದರ ಮೇಲೆ ನಿಮ್ಮದು ಕೂತಿರೋದು. ಹೋಗಿ, ಅದರ ಪಕ್ಕದ ಗುಂಡಿ ಒತ್ತಿ.”

ನಾನು ಒತ್ತಲಿಲ್ಲ. ಹೆಂಡತಿಯೇ ಹೋಗಿ ಒತ್ತಿದಳು. ಪಿಯಾನೊ ತನ್ನಷ್ಟಕ್ಕೆ ನುಡಿಯತೊಡಗಿತು. ಮೊದಲ ಸಾಲು, ಎರಡನೇ ಸಾಲು, ಮೂರನೇ ಸಾಲು, ಆ ನಾಲ್ಕು ಸೆಕೆಂಡು, ಕೊನೆಯ ಸಾಲು. ಕುಂಟುವ ಕಡೆ ಕುಂಟುತ್ತ, ಓಡುವ ಕಡೆ ಓಡುತ್ತ, ಹದಿನೇಳು ತಪ್ಪುಗಳ ಸಮೇತ ಇಡಿಯಾಗಿ ಅತ್ತೆಯೇ. ಹೆಂಡತಿಯ ಕಾಲು ಬೂಟಿಗಾಗಿ ನೆಲ ತಡಕಿದ್ದನ್ನು ನಾನು ಕಣ್ಣಾರೆ ಕಂಡೆ. ಅಲ್ಲೇ ನೆಲದ ಮೇಲೆ ಕುಳಿತು ಗೋಡೆಗೆ ಒರಗಿಕೊಂಡೆ. ಎದೆಯ ಮೇಲಿದ್ದ ಬಂಡೆ ಇಳಿದದ್ದು ಬೇರೆಯವರಿಗೂ ಕೇಳಿಸಿರಬೇಕು.

ಭಾನುವಾರ ಆ ಮೂಲೆಯಲ್ಲೊಂದು ಕೆಂಪು ದೀಪ ಉರಿಯುತ್ತಿದ್ದುದನ್ನು ನಾನೂ ಕಂಡಿದ್ದೆ. ಕರೆಂಟಿನ ದೀಪವಿರಬೇಕು ಎಂದುಕೊಂಡಿದ್ದೆ.

“ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ,” ಎಂದರು ಅತ್ತೆ. “ಅಭ್ಯಾಸ. ‘ನಾನು ಸರಿಯಾಗೇ ನುಡಿಸಿದೆ ಮಿಸ್’ ಅಂತ ಮಕ್ಕಳು ವಾದ ಮಾಡ್ತಾವೆ. ಅದಕ್ಕೆ ಯಾರೇ ಕೂತ್ರೂ ಮೊದ್ಲು ಅದನ್ನ ಒತ್ತಿಬಿಡ್ತೀನಿ. ಆಮೇಲೆ ಅವರದ್ದೇ ಅವರಿಗೆ ಕೇಳಿಸ್ತೀನಿ.” ನಮ್ಮಿಬ್ಬರನ್ನೂ ನೋಡಿ ಮುಂದುವರಿಸಿದರು. “ಬಣ್ಣದ ಚೀಟಿ ಅಂಟಿಸಿದ್ದು ನಾನು. ಅದರಿಂದ ಆಗಿದ್ದು ಅಲ್ವಾ?”

ನಾನೂ ಹೆಂಡತಿಯೂ ಒಟ್ಟಿಗೆ ಇಲ್ಲ ಇಲ್ಲ ಎಂದೆವು. ಇಬ್ಬರು ಮಕ್ಕಳು ಒಟ್ಟಿಗೆ ಇಲ್ಲ ಎಂದರೆ ಏನರ್ಥವೆಂದು ಯಾವ ಮೇಷ್ಟ್ರಿಗೆ ಗೊತ್ತಿಲ್ಲ?

“ಆರು ವರ್ಷದ ಮಕ್ಕಳಿಗೆ ಅಂಟಿಸ್ತೀನಿ ನಾನು,” ಎಂದರು ಅತ್ತೆ. “ಮೂರು ತಿಂಗಳು. ಆಮೇಲೆ ಕಿತ್ತುಹಾಕ್ತೀನಿ. ಚೀಟಿ ನೋಡೋ ಮಗು ಕೀ ನೋಡಲ್ಲ.”

ಸಂಜೆ ನಾಲ್ಕಕ್ಕೆ ಮೂವರೂ ಕಂಪ್ಯೂಟರಿನ ಮುಂದೆ ಕುಳಿತೆವು. ಇಪ್ಪತ್ತಮೂರು ಸ್ಟಿಕ್ಕರನ್ನೂ ಕಿತ್ತು ಬುಟ್ಟಿಗೆ ಹಾಕಿದೆ. ಸಾಫ್ಟ್‌ವೇರನ್ನು ಕೊಂಡ ದಿನದ ಸ್ಥಿತಿಗೆ ತಂದೆ. ತಕ್ಷಣ ಅದು ಬಾಯಿ ಬಿಟ್ಟು, “ಖಂಡಿತವಾಗಿ ಬದಲಿಸಲೇ?” ಎಂದು ಕೇಳಿತು. ಆ ಪ್ರಶ್ನೆಯನ್ನು ಕೇಳಿ ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ. ಕೇಳು ಮಾರಾಯ, ಎಷ್ಟು ಸಲ ಬೇಕಾದರೂ ಕೇಳು ಎಂದುಕೊಂಡೆ. ಪಿಯಾನೊದಿಂದ ರಾಗವನ್ನು ಮತ್ತೆ ಇಳಿಸಿಕೊಂಡು, ಮೂರು ಕಡೆ ಪ್ರತಿ ತೆಗೆದಿಟ್ಟು, ಮೌಸನ್ನು ಕೈಗೆ ತೆಗೆದುಕೊಂಡೆ. ತಪ್ಪುಗಳ ಪಟ್ಟಿಯನ್ನು ಅತ್ತೆಯ ಮುಂದೆ ಬಿಡಿಸಿಟ್ಟೆ.

ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. “ಇದೇನು, ನನ್ನ ಪ್ರೋಗ್ರೆಸ್ ಕಾರ್ಡಾ?”

“ಸುಮ್ನೆ ಗುರುತಿಗೆ ಅತ್ತೆ.”

ಒಂದೊಂದಾಗಿ ಕೇಳಿಸಿದೆ. ಒಂದನೆಯದು ತಪ್ಪೇ ಎಂದರು, ಎಳೆದು ಸರಿಮಾಡಿದೆ. ಎರಡು, ಮೂರು, ನಾಲ್ಕಕ್ಕೆ “ಅದು ತಪ್ಪಲ್ಲ, ಅದು ನಾನು” ಎಂದರು. ಐದನ್ನು ಶಾಲೆಯ ಹಳೆಯ ಪಿಯಾನೊದಲ್ಲಿ ಒಂದು ಕೀ ಗಟ್ಟಿ ಇರುವುದರಿಂದ ಬೇಕೆಂದೇ ಜೋರಾಗಿ ಒತ್ತುತ್ತಿದ್ದೆ, ಮಕ್ಕಳಿಗೆ ಹಾಗೇ ರೂಢಿ, ಇರಲಿ ಎಂದರು. ಒಂಬತ್ತನೆಯದು ತಪ್ಪೆಂದು ಒಪ್ಪಿಕೊಂಡರು. ಹೀಗೆ ಸಾಗಿ ಹನ್ನೊಂದಕ್ಕೆ ಬಂದೆವು. ನಾನು ದನಿ ಮೆತ್ತಗೆ ಮಾಡಿಕೊಂಡು, “ಇಲ್ಲಿ ನಿಮಗೆ ಕೈ ತುಂಬಾ ನೋವು ಬಂದಿತ್ತು ಅನ್ಸುತ್ತೆ. ನಾಲ್ಕು ಸೆಕೆಂಡು ಬಿಟ್ಟುಹೋಗಿದೆ. ಮುಚ್ಚಿಬಿಡ್ಲಾ?” ಎಂದೆ.

“ನೋವಾ? ಯಾವ ನೋವು?” ಅತ್ತೆ ಮಗಳ ಕಡೆ ತಿರುಗಿದರು. “ಹೇಳೇ ನೀನೇ.”

ಹೆಂಡತಿ ಸೆರಗಿಲ್ಲದ ಹೆಗಲನ್ನು ಸೆರಗಿರುವಂತೆ ಸರಿಪಡಿಸಿಕೊಂಡಳು. ನಾಚಿಕೊಂಡಾಗ ಅವಳು ಹಾಗೆ ಮಾಡುವುದು. “ಅದು ಲೇಟಾಗಿ ಬರೋರಿಗೆ,” ಎಂದಳು.

“ಶುರುವಾಗಿದ್ದು ಇವಳಿಂದ,” ಎಂದರು ಅತ್ತೆ. “ನಾನು ಮೊದಲೇ ಶಾಲೆಗೆ ಹೋಗಿಬಿಡ್ತಿದ್ದೆ. ಇವಳು ದಿನಾ ಒಂದು ಬೂಟು ಕಾಲಲ್ಲಿ, ಒಂದು ಬೂಟು ಕೈಯಲ್ಲಿ ಓಡಿಬರೋಳು. ಕೊನೇ ಸಾಲು ಶುರುವಾದ್ರೆ ಗೇಟು ಹಾಕ್ತಾರೆ. ಹೊರಗೆ ನಿಂತೋರ ಹೆಸರು ಪುಸ್ತಕಕ್ಕೆ ಹೋಗುತ್ತೆ. ಮೇಷ್ಟ್ರ ಮಗಳೇ ಹೊರಗೆ ನಿಂತ್ರೆ ಚೆನ್ನಾಗಿರುತ್ತಾ? ಅದಕ್ಕೆ ಮೂರನೇ ಸಾಲು ಮುಗಿಸಿ, ತಿರುಗಿ ಗೇಟಿನ ಕಡೆ ನೋಡ್ತಿದ್ದೆ. ನಾಲ್ಕು ಎಣಿಸೋದು, ಆಮೇಲೆ ಕೊನೇ ಸಾಲು. ಇವಳು ಶಾಲೆ ಬಿಟ್ಟ ಮೇಲೂ ಯಾರಾದ್ರೂ ಓಡಿಬರೋರು ಇದ್ದೇ ಇರ್ತಿದ್ರು. ಹಾಗೇ ಉಳೀತು.”

ನಾನು ಪೆನ್ನು ತೆಗೆದುಕೊಂಡು ಹನ್ನೊಂದರ ಮೇಲೆ ಗೀಟು ಎಳೆದೆ. ಹದಿನೇಳರಲ್ಲಿ ತಪ್ಪೆಂದು ಉಳಿದದ್ದು ಎರಡೇ. ಮೌಸಿನಲ್ಲಿ, ಹಿಡಿದು, ಎಳೆದು, ಬಿಟ್ಟು, ಎಲ್ಲ ಮುಗಿಯಲು ತಗಲಿದ ಸಮಯ ಹತ್ತೊಂಬತ್ತು ನಿಮಿಷ. ಅದರಲ್ಲಿ ಚಹಾ ಕುಡಿದದ್ದೂ ಸೇರಿದೆ. ಅವತ್ತೇ ಶಾಲೆಗೆ ಕಳಿಸಿಬಿಟ್ಟೆ. ಮೇಡಂ “ತಲುಪಿತು, ಕೇಳಿದೆ, ಕಣ್ಣು ತುಂಬಿ ಬಂತು” ಎಂದು ಉತ್ತರ ಬರೆದರು. ಎಷ್ಟೋ ದಿನದ ಮೇಲೆ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಶನಿವಾರ ಬೆಳಿಗ್ಗೆ ಒಂದು ಸಣ್ಣ ಕೆಲಸ ಉಳಿದಿತ್ತು. ಸಮಾರಂಭವನ್ನು ವೀಡಿಯೊ ತೆಗೆಯುವ ಜವಾಬ್ದಾರಿ ನನ್ನದು. ಹೆಂಡತಿಯೂ ಅತ್ತೆಯೂ ಏಳೂವರೆಗೇ ಹೊರಟು ನಿಂತರು.

“ಬನ್ನಿ, ಒಟ್ಟಿಗೆ ಹೋಗೋಣ,” ಎಂದಳು ಹೆಂಡತಿ.

“ನೀವು ಹೋಗಿರಿ. ಹತ್ತು ನಿಮಿಷದಲ್ಲಿ ಬಂದೆ. ಫೋನ್ ಕ್ಯಾಮೆರಾ ಸೆಟ್ಟಿಂಗ್ ಸ್ವಲ್ಪ ನೋಡಿಕೊಂಡುಬಿಡ್ತೀನಿ. ಒಂದೇ ಗುಂಡೀಲಿ ಎಲ್ಲ ಆಗೋ ಹಾಗೆ.”

ಅವಳು ನನ್ನನ್ನು ಒಮ್ಮೆ ನೋಡಿ ಬಾಗಿಲು ಎಳೆದುಕೊಂಡಳು.

ನಾನು ಶಾಲೆಯ ರಸ್ತೆಯ ತಿರುವಿಗೆ ಬಂದಾಗ ಎಂಟು ದಾಟಿತ್ತು. ಧ್ವನಿವರ್ಧಕದಿಂದ ಅತ್ತೆಯ ರಾಗ ಬೀದಿ ತುಂಬ ಹರಡಿತ್ತು. ಎರಡನೇ ಸಾಲು! ಓಡಿದೆ. ನನ್ನ ಮುಂದೆ ಚೀಲ ಕುಣಿಸುತ್ತ ಇಬ್ಬರು ಹುಡುಗಿಯರು ಓಡುತ್ತಿದ್ದರು, ಅವರ ಹಿಂದೆ ನಾನು, ನನ್ನ ಹಿಂದೆ ನನ್ನ ಹೊಟ್ಟೆ. ಮೂರನೇ ಸಾಲು ಮುಗಿಯುವಾಗ ಗೇಟು ಇನ್ನೂ ಹದಿನೈದು ಹೆಜ್ಜೆ ದೂರ. ಕಾವಲುಗಾರ ಚಿಲಕದ ಮೇಲೆ ಕೈ ಇಟ್ಟಿದ್ದ.

ರಾಗ ನಿಂತಿತು. ಒಂದು. ಎರಡು. ಹುಡುಗಿಯರು ಒಳಗೆ ಹೋದರು. ಮೂರು. ನಾನು ಪಕ್ಕಕ್ಕೆ ತಿರುಗಿ ನುಸುಳಿದೆ. ನಾಲ್ಕು. ಬೆನ್ನ ಹಿಂದೆ ಗೇಟು ಸದ್ದುಮಾಡಿತು. ಆ ಹುಡುಗಿಯರ ಹಿಂದೆ, ಮೂರನೇ ತರಗತಿಯ ಸಾಲಿನ ಕೊನೆಗೆ, ಏದುಸಿರು ಬಿಡುತ್ತ ನಿಂತುಕೊಂಡೆ. ಕೊನೆಯ ಸಾಲು ಶುರುವಾಯಿತು. ಗೇಟಿನ ಹೊರಗೆ ಉಳಿಯಲಿಲ್ಲವಲ್ಲ ಎಂಬ ನೆಮ್ಮದಿಗೆ ಫೋನು ಜೇಬಿನಲ್ಲಿರುವುದೇ ಮರೆತುಹೋಯಿತು.

ವೇದಿಕೆಯ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ಅತ್ತೆ ಗೇಟಿನ ಕಡೆಗೇ ನೋಡುತ್ತಿದ್ದರು. ಪಕ್ಕದಲ್ಲಿದ್ದ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ರಾಗ ಮುಗಿದು, ಹೂಗುಚ್ಛ ಕೊಟ್ಟು, ಭಾಷಣಗಳಾಗಿ, ಮಕ್ಕಳೆಲ್ಲ ತರಗತಿಗೆ ಹೋದ ಮೇಲೆ ಅತ್ತೆ ನಿಧಾನವಾಗಿ ಮೆಟ್ಟಿಲಿಳಿದು ನನ್ನ ಬಳಿಗೆ ಬಂದರು.

“ಅಳಿಯಂದಿರೇ,” ಎಂದರು, ಎಡಗೈಯಿಂದ ನನ್ನ ಅಂಗಿಯ ಕಾಲರು ಸರಿಮಾಡುತ್ತ. “ಆ ಹನ್ನೊಂದನೇ ತಪ್ಪು ಈಗ ತಿದ್ದಿಬಿಡೋಣವಾ?”